ಎರಡು ಬೆರಳಿಗೆ ಬರುವ ಲಿವರು

ತುಮಕೂರಿನ ರಿಂಗ್ ರೋಡಿನ ಪಕ್ಕ, ಹಳೇ ಗಾಡಿ ಮಾರುವ ಯಾರ್ಡಿನಲ್ಲಿ, ಜೀಪೊಂದರ ಅಡಿಯಿಂದ ಎರಡು ಪಾದ ಆಚೆ ಚಾಚಿದ್ದವು. ಒಡೆದ ಹಿಮ್ಮಡಿ, ಸವೆದ ಕಾಲುಂಗುರ, ಮೇಲೆತ್ತಿ ಸಿಕ್ಕಿಸಿದ ಸೀರೆಯ ಅಂಚು. ಗಾಡಿ ನೋಡಲು ಬಂದವರು ಗಾಡಿ ಬಿಟ್ಟು ಪಾದ ನೋಡುತ್ತಿದ್ದರು. ಪಕ್ಕದಲ್ಲಿ ನಿಂತಿದ್ದ ಮೈದುನ ಕೆಂಪಯ್ಯನಿಗೆ ಎಲ್ಲಾದರೂ ಅವಿತುಕೊಂಡರೆ ಸಾಕಾಗಿತ್ತು.

"ಅತ್ಗೆ, ಎದ್ದು ಬನ್ನಿ. ಜನ ನೋಡ್ತಾವ್ರೆ."

"ನೋಡ್ಲಿ ಬುಡು. ಟಾರ್ಚ್ ಇತ್ಲಾಗ್ ಕೊಡು."

ಯಾರ್ಡಿನವನು ಬಗ್ಗಿ, "ಅಮ್ಮ, ಅಡಿಯಲ್ಲಿ ನೋಡೋಕೇನಿದೆ? ಕಂಪನಿಯಿಂದ ಬಂದಿದ್ದೇ ಫೋರ್ ವೀಲು. ಮಿಲಿಟರಿ ಗಾಡಿ ಇದು" ಎಂದ.

ಪಾದಗಳು ಹಿಂದಕ್ಕೆ ಸರಿದು ಗಂಗಲಕ್ಷ್ಮಮ್ಮ ಹೊರಗೆ ಬಂದಳು. ತಲೆಯಲ್ಲೆಲ್ಲ ಧೂಳು. "ಮಿಲಿಟ್ರಿನೋರು ಇಂಥ ವೆಲ್ಡಿಂಗ್ ಮಾಡ್ತಿದ್ರೆ ದೇಶ ಉಳೀತಿರ್ಲಿಲ್ಲ ಕಣಪ್ಪ" ಎಂದು ಸೀರೆ ಕೊಡವಿಕೊಂಡು ಹೊರಟೇಬಿಟ್ಟಳು.

ಅವಳು ಅಡಿಯಲ್ಲಿ ಕಂಡದ್ದು ಇಷ್ಟು. ಕಾರ್ಖಾನೆಯಲ್ಲಿ ನಾಲ್ಕೂ ಚಕ್ರಕ್ಕೆ ಎಳೆತವಿರುವ ಫೋರ್ ವೀಲ್ ಆಗಿಯೇ ಹುಟ್ಟಿದ ಜೀಪಿಗೆ ಮುಂದಿನ ಸ್ಪ್ರಿಂಗ್ ಪಟ್ಟಿಗಳನ್ನು ಹಿಡಿದ ಕಬ್ಬಿಣವೆಲ್ಲ ರಿವೆಟ್ ಹೊಡೆದು ಕೂರಿಸಿರುತ್ತದೆ. ಫೋರ್ ವೀಲ್ ಹಾಕುವ ಸಣ್ಣ ಲಿವರು ಮೇಲೆ ಬರುವ ತೂತಿನ ಅಂಚು ಮಡಿಚಿರುತ್ತದೆ, ಕೈ ಸವರಿದರೆ ನುಣುಪು. ಹಿಂದಿನ ಎರಡೇ ಚಕ್ರಕ್ಕೆ ಎಳೆತವಿದ್ದ ಜೀಪನ್ನು ಆಮೇಲೆ ನಾಲ್ಕಕ್ಕೆ ಮಾಡಿದ್ದಾದರೆ ರಿವೆಟ್ಟಿನ ಜಾಗದಲ್ಲಿ ವೆಲ್ಡಿಂಗಿನ ಗಂಟು, ತೂತು ಗ್ಯಾಸ್ ಕಟ್ಟರಿನಲ್ಲಿ ಕೊಯ್ದದ್ದು. ಆ ತೂತಿನ ಅಂಚು ಅವಳ ಬೆರಳನ್ನು ಕೊಯ್ದಿತ್ತು.

ಗಂಗಲಕ್ಷ್ಮಮ್ಮನ ಊರು ಗುಬ್ಬಿ ತಾಲ್ಲೂಕು ಹಾಗಲವಾಡಿ ಕಡೆಯ ಬೋರನಹಟ್ಟಿ. ಹಟ್ಟಿಗೂ ಡೈರಿ ಇರುವ ದೊಡ್ಡೂರಿಗೂ ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಅದು ಮೇಕೆ ಮೇಯುವ ಜಾಗ. ಮಳೆ ಬಿದ್ದರೆ ತಳದಲ್ಲಿ ಮೊಣಕಾಲುದ್ದ ಕೆಸರು, ಆಚೆ ದಡದಲ್ಲಿ ಹತ್ತಬೇಕಾದ ಬೋಳು ಬಂಡೆ. ಸೇತುವೆಗೆ ಅರ್ಜಿ ಕೊಟ್ಟೂ ಕೊಟ್ಟೂ ಹಟ್ಟಿಯವರಿಗೆ ಅರ್ಜಿ ಬರೆಯುವುದು ರೂಢಿಯಾಯಿತೇ ಹೊರತು ಸೇತುವೆ ಬರಲಿಲ್ಲ. ಹಟ್ಟಿಯ ಹೆಂಗಸರು ಕರೆದ ಹಾಲು ಈ ಹಳ್ಳ ದಾಟಿ ಬೆಳಗಿನ ಹಾಲಿನ ಗಾಡಿಗೆ ಸಿಗಬೇಕು. ಸಿಗದಿದ್ದರೆ ಆ ಹೊತ್ತಿನ ಹಾಲು ಮನೆಗೆ ವಾಪಸು. ಹಾಲು ಸಾಗಿಸುವ ಜವಾಬ್ದಾರಿ ಗಂಗಲಕ್ಷ್ಮಮ್ಮನದು. ಅದನ್ನು ಯಾರೂ ಅವಳಿಗೆ ಕೊಟ್ಟಿರಲಿಲ್ಲ, ಅವಳೇ ತಗೊಂಡಿದ್ದಳು.

ಅವಳಿಗೆ ಡ್ರೈವಿಂಗ್ ಕಲಿಸಿದ್ದು ರೈತ ಸಂಘದ ಜೀಪು. ಕಲಿಸಿದ್ದು ಎನ್ನುವುದಕ್ಕಿಂತ ಕಲಿಯಲೇಬೇಕಾಗಿ ಬಂತು. ಒಂದು ಸಲ ತುಮಕೂರಿನ ಧರಣಿಯಲ್ಲಿ ಪೊಲೀಸರು ಗಂಡಸರನ್ನೆಲ್ಲ ವ್ಯಾನಿಗೆ ತುಂಬಿಕೊಂಡು ಹೋದರು, ಡ್ರೈವರೂ ಒಳಗೆ. ಹೆಂಗಸರು ಮತ್ತು ಜೀಪು ಬೀದಿಯಲ್ಲಿ ಉಳಿದರು. ಟ್ರ್ಯಾಕ್ಟರ್ ಹೊಡೆದು ಗೊತ್ತಿದ್ದ ಗಂಗಲಕ್ಷ್ಮಮ್ಮ ಸ್ಟೇರಿಂಗ್ ಹಿಡಿದು, ಎರಡನೇ ಗೇರಿನ ಮೇಲೆ ಹೋಗದೆ, ಎಲ್ಲರನ್ನೂ ಹಟ್ಟಿ ಮುಟ್ಟಿಸಿದಳು. ಆ ಜೀಪು ಅಸಲು ಕಂಪನಿ ಫೋರ್ ವೀಲು. ಮುಂದಿನ ಚಕ್ರಗಳಿಗೂ ಎಳೆತ ಕೊಡುವ ಸಣ್ಣ ಲಿವರನ್ನು ಹಳ್ಳದಲ್ಲಿ ಹಾಕಿ, ದಾಟಿದ ಮೇಲೆ ಎರಡು ಬೆರಳಲ್ಲಿ ತೆಗೆಯುತ್ತಿದ್ದಳು. ಸಂಘ ಎರಡು ಹೋಳಾದಾಗ ಜೀಪು ಯಾವ ಬಣದ್ದು ಅಂತ ಜಗಳವಾಗಿ, ಕೊನೆಗೆ ಅದು ಗುಜರಿಗೆ ಹೋಯಿತು. ಬೆರಳಿಗೆ ಮಾತ್ರ ಲಿವರಿನ ನೆನಪು ಉಳಿಯಿತು.

ಆಮೇಲೆ ಹಾಲು ಸಾಗಿಸಿದ್ದು ಹಟ್ಟಿಯ ಹೆಂಗಸರೆಲ್ಲ ಸೇರಿ ಕೊಂಡಿದ್ದ ಇನ್ನೊಂದು ಜೀಪು. ಬಣ್ಣ ನೋಡಿ, ಲಿವರು ನೋಡಿ ಕೊಂಡಿದ್ದರು. ಹೋದ ಮಳೆಗಾಲದಲ್ಲಿ ಅದು ಕೆಸರನ್ನು ಚೆನ್ನಾಗಿಯೇ ದಾಟಿತು. ಬಂಡೆ ಹತ್ತುವಾಗ ಗುಂಡು ಹೊಡೆದಂಥ ಸದ್ದು. ಜೀಪು ಹಿಂದಕ್ಕೆ ಜಾರಿ ಹಳ್ಳಕ್ಕೆ ಬಿತ್ತು. ಯಾರೂ ಸಾಯಲಿಲ್ಲ. ಕ್ಯಾನುಗಳು ಉರುಳಿ ಹಟ್ಟಿಯ ಅಷ್ಟೂ ಹಾಲು ಕೆಂಪು ನೀರಿನಲ್ಲಿ ಬೆಳ್ಳಗೆ ಹರಿದುಹೋಯಿತು.

ಮುರಿದ ಗೇರ್ ಬಾಕ್ಸ್ ಬಿಚ್ಚಿದವನು ಗುಬ್ಬಿಯ ಮೆಕ್ಯಾನಿಕ್ ಚಿಕ್ಕಬೋರಯ್ಯ.

"ಮುಂದಿನ ಅಚ್ಚಿನ ಹೌಸಿಂಗ್ ಒಂದು ಗಾಡೀದು, ಹಿಂದಿಂದು ಇನ್ನೊಂದು ಗಾಡೀದು ಕಣಕ್ಕ. ಒಳಗಿನ ಗೇರಿನ ಹಲ್ಲಿನ ಲೆಕ್ಕ ಬೇರೆ ಬೇರೆ. ಕ್ಯಾನಿನ ಎರಡು ಹಿಡಿ ಇಬ್ಬರು ಹಿಡ್ಕೊಂಡು, ಒಬ್ಳು ಬಿರಬಿರನೆ ಹೋದ್ರೆ, ಇನ್ನೊಬ್ಳು ನಿಧಾನಕ್ಕೆ ಹೋದ್ರೆ ಏನಾಯ್ತದೆ? ಹಂಗೆ."

"ಕೆಸರಲ್ಲಿ ಚೆನ್ನಾಗೇ ಎಳೀತಿತ್ತಲ್ಲ?"

"ಕೆಸರಲ್ಲಿ ಚಕ್ರ ಜಾರ್ತವೆ, ಜಗಳ ಅಲ್ಲೇ ತೀರೋಯ್ತದೆ. ಗಟ್ಟಿ ನೆಲದ ಮೇಲೆ ಜಾರೋಕ್ ಜಾಗ ಎಲ್ಲದೆ? ಎಲ್ಲಾ ಗೇರ್ ಬಾಕ್ಸ್ ಮೇಲೇ ಬೀಳ್ತದೆ, ಲಿವರೂ ಬಿಗ್ಕೊಂಡು ಈಚೆಗೆ ಬರಲ್ಲ."

ಮುಂದಿನ ಜೀಪು ನೋಡಲು ಜೊತೆಗೆ ಬಾ ಎಂದರೆ ಅವನು ಒಪ್ಪಲಿಲ್ಲ. "ನಂಗೆ ಕೆಲಸ ಕೊಡೋರು ಬ್ರೋಕರ್‌ಗಳೇ. ಅಂಥ ಜೀಪುಗಳನ್ನ ಮಾಡ್ಕೊಡೋನೂ ನಾನೇ. ಹಲ್ಲು ನೋಡಿ ಜೋಡ್ಸಬೇಕು ಅಂತೀನಿ, ಸಿಕ್ಕಿದ್ದು ಜೋಡ್ಸು ಅಂತಾರೆ. ನಾನ್ ಬಂದು ನಿಂತ್ಕೊಂಡ್ರೆ ನಾಳೆ ಶೆಡ್ಡಿಗೆ ಬೀಗ." ಗಂಗಲಕ್ಷ್ಮಮ್ಮ ಅವನನ್ನು ಬೈಯಲಿಲ್ಲ. ತಾನೇ ಕಲಿತರಾಯಿತು ಎಂದುಕೊಂಡು, ಏನೇನು ನೋಡಬೇಕು ಅಂತ ಅವನನ್ನೇ ಕೇಳಿ ತಿಳಿದುಕೊಂಡಳು. ಗಂಡ ಪುಟ್ಟರಂಗಯ್ಯನಿಗೆ ಯಾವ ಗಾಡಿ ಹತ್ತಿದರೂ ವಾಂತಿ, ಅದಕ್ಕೆ ಮೈದುನನನ್ನು ಹೊರಡಿಸಿದಳು.

ಸಮಯ ಕಡಿಮೆಯಿತ್ತು. ಡೈರಿಯ ಸೆಕ್ರೆಟರಿ ಚನ್ನವೀರಯ್ಯ ಹೇಳಿಬಿಟ್ಟಿದ್ದ: "ಈ ಮಳೇಗೂ ಹಾಲು ತಪ್ಪಿಸಿದ್ರೆ ದೀಪಾವಳಿ ಮೀಟಿಂಗಲ್ಲಿ ನಿಮ್ಮ ಹಟ್ಟಿ ಕೈಬಿಡ್ತೀವಿ ಕಣಮ್ಮ. ಬೇಜಾರ್ ಮಾಡ್ಕಬೇಡಿ." ಹಟ್ಟಿಯಲ್ಲಿ ವಾರಕ್ಕೊಮ್ಮೆ ಕೈಗೆ ಕಾಸು ಬರುವುದು ಅದೊಂದರಿಂದಲೇ.

ತುಮಕೂರಿನ ಯಾರ್ಡು ಬಿಟ್ಟ ಮೇಲೆ ಕುಣಿಗಲ್ಲಿಗೆ ಹೋದರು. ಅಲ್ಲಿ ಕೃಷ್ಣಕುಮಾರ್ ಎಂಬ ಬ್ರೋಕರು, ಮಾತಿನಲ್ಲಿ ಬೆಣ್ಣೆ. ಅವನ ಜೀಪಿನ ಅಡಿಗೆ ಗಂಗಲಕ್ಷ್ಮಮ್ಮ ಎಷ್ಟು ಹೊತ್ತು ಮಲಗಿದರೂ ಏನೂ ಸಿಗಲಿಲ್ಲ. ತೂತಿನ ಅಂಚು ನುಣ್ಣಗೆ, ವೆಲ್ಡಿಂಗಿನ ಗಂಟಿಲ್ಲ, ಎಲ್ಲದರ ಮೇಲೂ ದಪ್ಪಗೆ ಕಪ್ಪು ಬಣ್ಣ.

"ಕೆರೆಗೇ ಇಳಿಸೋಣ ಅಕ್ಕ, ನೀವೇ ಹೊಡೀರಿ" ಎಂದ ಕೃಷ್ಣಕುಮಾರ್.

ಕೆರೆಯಂಗಳದ ಕೆಸರಿಗೆ ಇಳಿಸಿದರು. ಜೀಪು ಹೂತು, ಗುರುಗುಟ್ಟಿ, ಎದ್ದು ಬಂತು. ಇನ್ನೊಮ್ಮೆ ಇಳಿಸಿದರೂ ಎದ್ದು ಬಂತು. ಏರಿಯ ಮೇಲಿದ್ದ ಜನ ಶಿಳ್ಳೆ ಹೊಡೆದರು, ಕೆಂಪಯ್ಯನೂ ಹೊಡೆದ. "ಅತ್ಗೆ, ಇದೇ. ಇದ್ಬುಟ್ಟು ಬ್ಯಾರೆ ಬ್ಯಾಡ." ನಮ್ಮ ಜನ ಟ್ರ್ಯಾಕ್ಟರನ್ನೂ ಜೀಪನ್ನೂ ಒಂದೇ ತರಹ ಪರೀಕ್ಷೆ ಮಾಡುವುದು. ಕೆಸರಿಂದ ಎದ್ದರೆ ಪಾಸು.

"ಟಾರ್ ರೋಡಿಗೆ ಹೋಗನ" ಎಂದಳು ಗಂಗಲಕ್ಷ್ಮಮ್ಮ.

"ಟಾರಲ್ಲಿ ಫೋರ್ ವೀಲ್ ಯಾಕಕ್ಕ?" ಕೃಷ್ಣಕುಮಾರನ ನಗು ಒಂಚೂರು ಸಣ್ಣದಾಯಿತು.

"ಸುಮ್ನೆ. ನಂಗೆ ಆಸೆ."

ರಸ್ತೆ ನೇರವಿತ್ತು, ಒಣಗಿತ್ತು. ಲಿವರು ಹಾಕಿ, ಸ್ಟೇರಿಂಗ್ ಅಲ್ಲಾಡಿಸದೆ ಒಂದು ತೆಂಗಿನ ತೋಟದ ಉದ್ದ ಓಡಿಸಿದಳು. ಜೀಪು ಹೊಟ್ಟೆನೋವು ಬಂದ ಎಮ್ಮೆಯಂತೆ ನರಳಿತು. ನಿಲ್ಲಿಸಿ ಎರಡು ಬೆರಳಲ್ಲಿ ಲಿವರು ಎಳೆದಳು. ಬರಲಿಲ್ಲ. ಕೈಯಲ್ಲಿ ಎಳೆದಳು. ಕೆಂಪಯ್ಯ ಹಲ್ಲು ಕಚ್ಚಿ ಎರಡೂ ಕೈಯಲ್ಲಿ ಎಳೆದ. ಮುಖ ಕೆಂಪಾಯಿತು, ಲಿವರು ಅಲುಗಲಿಲ್ಲ.

"ಹಳೇ ಗಾಡಿ ಅಕ್ಕ. ಗ್ರೀಸ್ ಹೊಡೆದ್ರೆ ಸರಿಹೋಗತ್ತೆ" ಎಂದ ಕೃಷ್ಣಕುಮಾರ್.

"ಗ್ರೀಸ್ ಹೊಡೆದ್ರೆ ಗೇರಿಗೆ ಹೊಸ ಹಲ್ಲು ಹುಟ್ತವಾ?"

ಅವಳು ಜೀಪನ್ನು ಹಿಂದಕ್ಕೆ ಬಿಟ್ಟಳು. ಬಿಗಿದದ್ದು ಸಡಿಲಾಗಿ ಲಿವರು ಟಣ್ ಎಂದು ತಾನಾಗಿ ಹೊರಬಿತ್ತು. ಆಮೇಲೆ ಕೃಷ್ಣಕುಮಾರ್ ಹೇಳಿದ ಮಾತು ದಡ್ಡತನದ್ದಾಗಿರಲಿಲ್ಲ. "ಆಯ್ತಕ್ಕ, ಕನ್ವರ್ಟ್ ಮಾಡಿದ್ದೇ. ಆದ್ರೆ ಕೆಸರಲ್ಲಿ ಎಳೀತಲ್ಲ? ನಿಮಗೆ ಬೇಕಿರೋದು ಅದೇ ತಾನೆ? ರೇಟ್ ಇಳಿಸ್ತೀನಿ, ತಗೊಂಡ್ ಹೋಗಿ."

"ನಮ್ಮ ಹಳ್ಳದಲ್ಲಿ ಕೆಸರು ಮುಗಿಯೋ ಕಡೆ ಬಂಡೆ ಶುರುವಾಯ್ತದೆ ಕಣಪ್ಪ. ನೀನು ರೇಟ್ ಇಳಿಸಿದ್ರೆ ಬಂಡೆ ಇಳಿಯಲ್ಲ."

ವಾಪಸು ಬರುವಾಗ ಬಸ್ಸು ಗುಬ್ಬಿ ಮುಟ್ಟಿತು. ಕೆಂಪಯ್ಯ ಕೇಳಿದ. "ಹಟ್ಟಿಗೆ ಏನ್ ಹೇಳ್ತೀರಿ? ಮಳೆ ತಲೆ ಮೇಲದೆ."

"ಸಿಕ್ಕಿಲ್ಲ ಅಂತ ಹೇಳ್ತೀನಿ. ಅದ್ರಲ್ಲೇನೈತೆ?"

ಮಳೆ ಹಿಡಿಯಿತು. ಹೆಂಗಸರು ಒಂದೊಂದು ಕ್ಯಾನಿಗೆ ಇಬ್ಬಿಬ್ಬರಂತೆ ಹಳ್ಳ ದಾಟಿದರು. ಸಿದ್ದಗಂಗಮ್ಮನ ಕ್ಯಾನಿನ ಇನ್ನೊಂದು ಹಿಡಿ ಗಂಗಲಕ್ಷ್ಮಮ್ಮನ ಕೈಯಲ್ಲಿತ್ತು. ಸಿದ್ದಗಂಗಮ್ಮ ದಾರಿಯುದ್ದಕ್ಕೂ ಆಡಿಕೊಳ್ಳುವುದನ್ನು ಬಿಡಲಿಲ್ಲ.

"ಜೀಪು ನೋಡಕ್ಕೋದ್ಲೋ, ಹೆಣ್ಣು ನೋಡಕ್ಕೋದ್ಲೋ. ಕಂಡಿದ್ದಕ್ಕೆಲ್ಲ ಐಬು."

"ಕಾಲ್ ಕೆಳಗೆ ನೋಡ್ಕೊಂಡು ನಡಿಯೇ."

"ಆ ಕುಣಿಗಲ್ದು ಎದ್ದು ಬಂತಂತೆ, ಕೆಂಪಯ್ಯ ಹೇಳ್ದ. ನಿಂದೊಂದು ಹಟಕ್ಕೆ ನಮ್ಮ ಸೊಂಟ ಮುರೀತದೆ."

"ನನ್ ಸೊಂಟ ಏನ್ ಮನೇಲಿಟ್ಟು ಬಂದಿದೀನಾ?"

ಕೆಲವು ದಿನ ಹಾಲಿನ ಗಾಡಿ ಸಿಕ್ಕಿತು, ಕೆಲವು ದಿನ ಹೊರಟುಹೋಗಿತ್ತು. ಸಿಗದ ದಿನವನ್ನು ಚನ್ನವೀರಯ್ಯ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದ. ಹಟ್ಟಿಯಲ್ಲಿ ಒಬ್ಬಿಬ್ಬರು ಕುಣಿಗಲ್ಲಿನ ಜೀಪಿನ ಮಾತನ್ನು ಮತ್ತೆ ತೆಗೆದರು. ಗಂಗಲಕ್ಷ್ಮಮ್ಮ ಬಾಗಿಲಲ್ಲಿ ನಿಂತು, "ಹೊತ್ತ ಹಾಲು ಹಳ್ಳಕ್ಕೆ ಹೋದ್ದು ಮರ್ತೋಯ್ತಾ? ಆ ದಿನ ಹಿಂದಿನ ಸೀಟಲ್ಲಿ ನಿಮ್ಮ ಮಕ್ಕಳು ಕೂತಿದ್ರೆ?" ಎಂದು ಕೇಳಿ ಒಳಗೆ ಹೋದಳು. ಮಾತು ನಿಂತಿತು, ಗೊಣಗಾಟ ನಿಲ್ಲಲಿಲ್ಲ.

ಅವಳು ಚಿಕ್ಕಬೋರಯ್ಯನ ಶೆಡ್ಡಿಗೆ ಇನ್ನೊಮ್ಮೆ ಹೋದಳು. ಅವನು ಕೈ ಒರೆಸಿಕೊಳ್ಳುತ್ತಾ, "ಬ್ರೋಕರ್ ಕೈಗೆ ಸಿಕ್ಕಿರೋದನ್ನ ನೋಡ್ಬೇಡ. ನನ್ನಂಥೋನ ಶೆಡ್ಡಿಗೇ ಬರ್ದೆ ಇರೋ ಜೀಪು ಹುಡುಕಕ್ಕ" ಎಂದ. ಅಂಥದ್ದು ಎಲ್ಲಿರುತ್ತದೆ? ಓಡಿಸದೆ ಮೂಲೆಗೆ ಬಿಟ್ಟವರ ಹತ್ತಿರ. ಗಂಗಲಕ್ಷ್ಮಮ್ಮ ಹಸಿರು ಶಾಲಿನ ಕಾಲದ ಗೆಳೆಯರಿಗೆಲ್ಲ ಫೋನು ಹಚ್ಚಿದಳು, ಎರಡೂ ಬಣದವರಿಗೆ. ಒಬ್ಬೊಬ್ಬರೂ ಇನ್ನೊಂದು ಬಣವನ್ನು ಬೈದು ಮುಗಿಸುವ ತನಕ ಕಾದು ಜೀಪಿನ ಮಾತು ತೆಗೆಯುತ್ತಿದ್ದಳು. ಕೊನೆಗೆ ಊರ್ಡಿಗೆರೆಯವನೊಬ್ಬ ಹೇಳಿದ: "ಅನಂತರಾಮಯ್ಯನೋರ ತೋಟದಲ್ಲಿ ಒಂದು ನಿಂತದೆ. ಬೆಕ್ಕು ಸಂಸಾರ ಮಾಡ್ತಾ ಅದೆ ಅದ್ರಲ್ಲಿ."

ಅನಂತರಾಮಯ್ಯ ತುಮಕೂರಿನಲ್ಲಿ ಮನೆ ಮಾಡಿಕೊಂಡಿದ್ದ ನಿವೃತ್ತರು. ಭಾನುವಾರ ಹೆಂಡತಿ ಪದ್ಮಮ್ಮನ ಜೊತೆ ತೋಟಕ್ಕೆ ಬರುತ್ತಿದ್ದರು. ಹುಣಸೆ ಮರದ ಕೆಳಗೆ ಜೀಪು ನಿಂತಿತ್ತು. ತುಕ್ಕು ತಿಂದ ತಳ, ಹರಿದ ಟಾರ್ಪಲು, ಹಿಂದಿನ ಸೀಟಿನಲ್ಲಿ ಮರಿಗಳ ಸಮೇತ ಬೆಕ್ಕು.

"ಇದಕ್ಕಿಂತ ನಮ್ ಎತ್ತಿನ ಗಾಡಿ ವಾಸಿ" ಎಂದ ಕೆಂಪಯ್ಯ.

ಗಂಗಲಕ್ಷ್ಮಮ್ಮ ಆಗಲೇ ಅಡಿಗೆ ಹೋಗಿದ್ದಳು. ಬಣ್ಣ ಬಳಿದು ಮುಚ್ಚಿದ್ದು ಏನೂ ಇರಲಿಲ್ಲ. ಮಣ್ಣು ಕೆರೆದರೆ ತುಕ್ಕು, ತುಕ್ಕು ಕೆರೆದರೆ ರಿವೆಟ್ಟಿನ ಗುಂಡು ತಲೆಗಳು, ಸಾಲಾಗಿ. ಲಿವರಿನ ತೂತಿನ ಅಂಚು ಮಡಿಚಿತ್ತು.

"ಇದು ಫೋರ್ ವೀಲಾ ಸಾರ್?"

"ನನಗೆ ಗೊತ್ತಿಲ್ಲಮ್ಮ" ಎಂದರು ಅನಂತರಾಮಯ್ಯ. "ನಮ್ಮ ತಂದೆ ತೆಗೆದುಕೊಂಡಿದ್ದು. ಆ ಸಣ್ಣ ಲಿವರ್ ಮುಟ್ಟಬೇಡಿ ಅಂತ ಡ್ರೈವರ್ ಹೇಳಿದ್ದ. ಮುಟ್ಟಿಲ್ಲ."

"ಮಾರೋದಾದ್ರೆ ಮಾರಿ, ಆದ್ರೆ ಬೆಕ್ಕಿನ ಮರಿ ಕಣ್ಣು ಬಿಡೋವರೆಗೂ ಯಾರೂ ಸ್ಟಾರ್ಟ್ ಮಾಡೋ ಹಾಗಿಲ್ಲ" ಎಂದರು ಪದ್ಮಮ್ಮ. ಅವರ ಮಾತೇ ಅಲ್ಲಿ ಕಾನೂನು.

ಮರಿಗಳು ಕಣ್ಣು ಬಿಟ್ಟ ಮೇಲೆ ಟ್ರ್ಯಾಕ್ಟರಿನ ಬ್ಯಾಟರಿ ತಂದು ಹಾಕಿದರು. ಇಂಜಿನು ಕೆಮ್ಮಿ, ಹೊಗೆ ಕಾರಿ, ಉಸಿರು ಹಿಡಿಯಿತು. ಸಣ್ಣ ಲಿವರು ಮಾತ್ರ ಅಲುಗಲಿಲ್ಲ.

"ಇದೂ ಅಷ್ಟೇ ಅತ್ಗೆ" ಎಂದ ಕೆಂಪಯ್ಯ. ಅವನ ದನಿಯಲ್ಲಿ ಒಂಥರಾ ಸಮಾಧಾನವೂ ಇತ್ತು.

"ಇದು ತುಕ್ಕು ಕಣ್ಲಾ. ಅದು ಮೋಸ. ತುಕ್ಕು ಬುಡ್ಸಬೌದು." ಬುಡಕ್ಕೆ ಎಣ್ಣೆ ಸುರಿದು, ತಟ್ಟಿ, ಬಿಟ್ಟು, ಮತ್ತೆ ಸುರಿದು ಅವಳು ಮಧ್ಯಾಹ್ನದವರೆಗೂ ಅದರ ಜೊತೆ ಜಗ್ಗಾಡಿದಳು. ಪದ್ಮಮ್ಮ ತಂದಿಟ್ಟ ಚಿತ್ರಾನ್ನ ಆರಿತು. ಆಮೇಲೆ ಲಿವರು ಒಳಗೆ ಬಿತ್ತು.

ಊರ್ಡಿಗೆರೆಯ ರಸ್ತೆ ಒಣಗಿತ್ತು. ನೇರವಾಗಿ ಓಡಿಸಿದಳು. ಜೀಪಿನಲ್ಲಿ ನೂರೆಂಟು ಸದ್ದು, ನರಳಾಟವಿರಲಿಲ್ಲ. ನಿಲ್ಲಿಸಿ ಲಿವರಿಗೆ ಎರಡು ಬೆರಳು ಕೊಟ್ಟಳು. ಬಂತು. ಕೆಂಪಯ್ಯ ನೋಡುತ್ತಿದ್ದ. ಇನ್ನೊಮ್ಮೆ ಹಾಕಿ, ಓಡಿಸಿ, "ಈಗ ನೀನ್ ತೆಗಿ" ಎಂದಳು. ಅವನು ಎರಡೂ ಕೈ ಚಾಚಿದ್ದವನು, ನಾಚಿ, ಎರಡು ಬೆರಳಲ್ಲಿ ತೆಗೆದ.

ರೇಟು ಮಾತಾಡಿ ಜೀಪನ್ನು ಗುಬ್ಬಿಗೆ ತಂದರು. ಚಿಕ್ಕಬೋರಯ್ಯ ತಳಕ್ಕೆ ತಗಡು ಹೊಡೆದ, ಬ್ರೇಕು ಬದಲಾಯಿಸಿದ, ಹೌಸಿಂಗ್ ಬಿಚ್ಚಿ, ಹಿಂದೆ ಮುಂದೆ ಎರಡೂ ಕಡೆಯ ಹಲ್ಲು ಎಣಿಸಿ, ಹಾಗೇ ಮತ್ತೆ ಮುಚ್ಚಿದ.

ದೀಪಾವಳಿಗೆ ಇನ್ನೂ ದಿನವಿತ್ತು, ಹಳ್ಳದಲ್ಲಿ ಕೆಸರು ತುಂಬಿತ್ತು. ಮೊದಲ ಬೆಳಗ್ಗೆ ಕ್ಯಾನುಗಳ ನಡುವೆ ಸಿದ್ದಗಂಗಮ್ಮ ಮುಂದಿನ ಸೀಟಿನ ಕಂಬಿ ಹಿಡಿದು ಕುಳಿತಿದ್ದಳು. ಜೀಪು ಕೆಸರು ದಾಟಿ ಬಂಡೆಗೆ ಮೂತಿ ಇಟ್ಟಿತು. ಕಳೆದ ಸಲ ಸದ್ದು ಕೇಳಿದ ಜಾಗ ಅದೇ. ಸಿದ್ದಗಂಗಮ್ಮ ಕಣ್ಣು ಮುಚ್ಚಿಕೊಂಡಳು. ಗಂಗಲಕ್ಷ್ಮಮ್ಮ ಮುಚ್ಚಲಿಲ್ಲ. ಮುಂದಿನ ಚಕ್ರ ಕಚ್ಚಿತು, ಹಿಂದಿನದು ನೂಕಿತು, ಜೀಪು ಬಂಡೆ ಏರಿ ಮೇಲೆ ನಿಂತಿತು. ಎರಡು ಬೆರಳಲ್ಲಿ ಲಿವರು ತೆಗೆದು ಗೇರು ಬದಲಿಸಿದಳು.

"ಸೀಟೆಲ್ಲ ಬೆಕ್ಕಿನ ವಾಸನೆ ಕಣಕ್ಕ" ಎಂದಳು ಸಿದ್ದಗಂಗಮ್ಮ, ಕಣ್ಣು ಬಿಟ್ಟು.

"ಕ್ಯಾನ್ ಮುಚ್ಚಳ ಭದ್ರ ಹಿಡ್ಕೊಂಡು ಕೂತ್ಕೊಳೇ."

ದೊಡ್ಡೂರಿನ ಕಡೆಯಿಂದ ಹಾಲಿನ ಗಾಡಿಯ ಹಾರನ್ನು ಕೇಳಿಸಿತು. ಗಾಡಿ ಇನ್ನೂ ಡೈರಿಗೆ ಬರುತ್ತಿತ್ತು, ಹೊರಟುಹೋಗಿರಲಿಲ್ಲ.