ಹುಲಗಪ್ಪ ಸರ್ ಮತ್ತು ಟೌಟನ್ ಯುದ್ಧ

ಶಹಾಪುರದ ನಮ್ಮ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಹುಲಗಪ್ಪ ಸರ್‌ಗೆ ಇಂಗ್ಲೆಂಡಿನ ರಾಜರೆಲ್ಲ ಹತ್ತಿರದ ನೆಂಟರಿದ್ದಂತೆ. ಐನೂರು ವರ್ಷಗಳಿಗೂ ಹಿಂದೆ ಒಂದೇ ಕಿರೀಟಕ್ಕಾಗಿ ಬಡಿದಾಡಿದ ಯಾರ್ಕ್ ಮತ್ತು ಲ್ಯಾಂಕಾಸ್ಟರ್ ಮನೆತನಗಳ ಸುದ್ದಿಯನ್ನು ಅವರು ಪಕ್ಕದ ಭೀಮರಾಯನಗುಡಿಯಲ್ಲಿ ನಿನ್ನೆ ನಡೆದದ್ದೆಂಬಂತೆ ಹೇಳುತ್ತಾರೆ. "ಆರನೇ ಹೆನ್ರಿ ಭಾಳ ಸಾದಾ ಮನಶ್ಯಾರಿ, ಹೇಣ್ತಿ ಮಾರ್ಗರೇಟ್ ಮಾತ್ರ ಜಬರ್ದಸ್ತ್" ಎನ್ನುತ್ತಾರೆ. ಮದುವೆ ಊಟಕ್ಕೆ ಕೂತರೂ ಎಲೆಯ ಮೇಲಿನ ಅನ್ನವನ್ನು ಎರಡು ಪಾಲು ಮಾಡಿ ಸೈನ್ಯಗಳನ್ನು ಎದುರುಬದುರು ನಿಲ್ಲಿಸುತ್ತಾರೆ. ಆ ಮನೆತನಗಳ ನಡುವಿನ ಟೌಟನ್ ಯುದ್ಧ ನಡೆದದ್ದು ಸುರಿಯುವ ಹಿಮದಲ್ಲಿ. ಹಿಮವನ್ನೇ ಕಾಣದ ನಮ್ಮ ಮಕ್ಕಳಿಗೆ ಅದು ತಿಳಿಯಲೆಂದು ಡಸ್ಟರ್ ಬಡಿದು ಸೀಮೆಸುಣ್ಣದ ಪುಡಿ ಹಾರಿಸಿ ಮುಂದಿನ ಬೆಂಚಿನವರನ್ನೆಲ್ಲ ಬೆಳ್ಳಗಾಗಿಸುತ್ತಾರೆ. ಕೊನೆಗೆ ಎರಡು ಮನೆತನಗಳೂ ಹೆಣ್ಣು ಕೊಟ್ಟು ತಂದು ಒಂದಾದವು ಎಂಬಲ್ಲಿಗೆ ಬಂದಾಗ ಮಾತ್ರ ಅವರ ದನಿ ಇಳಿಯುತ್ತದೆ. ಈ ವರ್ಷ ಅಲ್ಲಿಗೆ ಬಂದಾಗ ದಾನೇಶ್ವರಿ ಎಂಬ ಹುಡುಗಿ ಎದ್ದು ನಿಂತು, "ಸರ್, ಸತ್ತ ಸಿಪಾಯಿಗಳ ಹೆಸರು ಪುಸ್ತಕದಾಗ ಯಾಕಿಲ್ರಿ?" ಎಂದು ಕೇಳಿದಳು. ಸರ್ ಡಸ್ಟರ್ ಕೆಳಗಿಟ್ಟರು. ನಾಲ್ಕು ವರ್ಷಗಳ ಹಿಂದೆ ಅವರೂರಿನ ಎರಡು ದೊಡ್ಡ ಮನೆತನಗಳು ಪಂಚಾಯಿತಿ ಕುರ್ಚಿಗಾಗಿ ಹೊಡೆದಾಡಿದಾಗ, ಒಂದು ಕಡೆಯ ಬಾವುಟ ಹಿಡಿದಿದ್ದ ಸರ್ ಅವರ ಒಬ್ಬನೇ ಮಗ ಮರಿಲಿಂಗ ಕಲ್ಲೇಟಿಗೆ ಸತ್ತಿದ್ದ. ಹೋದ ಬೇಸಿಗೆಯಲ್ಲಿ ಆ ಎರಡು ಮನೆಗಳು ಬೀಗರಾದವು. ಸರ್‌ಗೂ ಲಗ್ನಪತ್ರಿಕೆ ಬಂದಿತ್ತು. ಅವರು ಕೈಗಂಟಿದ ಸುಣ್ಣ ಒರೆಸಿಕೊಂಡು ಮೆಲ್ಲಗೆ ಹೇಳಿದರು: "ಪುಸ್ತಕದಾಗ ಇರೂದಿಲ್ಲವ್ವಾ. ಅವರವರ ಮನ್ಯಾಗ ಅವ್ವ ಅಪ್ಪ ಇಟ್ಕೊಂಡಿರ್ತಾರ."