ಹೊಂಬಾಳಯ್ಯನ ಹೇಸರಗತ್ತೆ

ಕೆಂಪಾಪುರದ ಹೊಂಬಾಳಯ್ಯ ಸೇನೆಗೆ ಸೇರಿದಾಗ ಅವನ ಕೈಗೆ ಒಂದು ಹೇಸರಗತ್ತೆಯ ಹಗ್ಗ ಕೊಟ್ಟರು. ಕಾಶ್ಮೀರದ ಬೆಟ್ಟದ ಮೇಲಿನ ಕಾವಲು ಠಾಣೆಗೆ ಅಕ್ಕಿ, ಸೀಮೆಎಣ್ಣೆ, ಮದ್ದುಗುಂಡು ಎಲ್ಲವೂ ಅದರ ಬೆನ್ನ ಮೇಲೆಯೇ ಹೋಗಬೇಕಿತ್ತು. ಅದಕ್ಕೆ ಪುಟ್ಟಿ ಎಂದು ಹೆಸರಿಟ್ಟು ಕನ್ನಡದಲ್ಲೇ ಮಾತಾಡಿಸುತ್ತಿದ್ದ. ಅವನ ದನಿ ಕೇಳಿದರೆ ಅದು ಕಿವಿ ನಿಮಿರಿಸುತ್ತಿತ್ತು. ಒಂದು ಚಳಿಗಾಲ, ಎದೆನೋವು ಬಂದ ಜೊತೆಗಾರನನ್ನು ಪುಟ್ಟಿಯ ಮೇಲೆ ಕೂರಿಸಿಕೊಂಡು ಹಿಮದಲ್ಲಿ ಇಳಿದ. ಆಸ್ಪತ್ರೆ ಸಿಗುವ ಮೊದಲೇ ಆತನ ಉಸಿರು ನಿಂತಿತ್ತು.

ಎರಡು ಸಾವಿರದ ನಾಲ್ಕರಲ್ಲಿ ಠಾಣೆಯವರೆಗೂ ರಸ್ತೆಯಾಯಿತು. ಹೇಸರಗತ್ತೆಗಳನ್ನು ಬೇರೆಡೆಗೆ ಸಾಗಿಸಿ, ಹೊಂಬಾಳಯ್ಯನಿಗೆ ಲಾರಿ ಓಡಿಸಲು ಕಲಿಸಿದರು. ಪುಟ್ಟಿ ಹೋದ ದಿನ ಅವನಿಗೆ ಊಟ ಸೇರಲಿಲ್ಲ. ಮುಂದಿನ ಚಳಿಗಾಲ ಇನ್ನೊಬ್ಬ ಸಿಪಾಯಿಗೆ ಹಾಗೆಯೇ ಎದೆ ಹಿಡಿಯಿತು. ಹೊಂಬಾಳಯ್ಯ ಅವನನ್ನು ಲಾರಿಯಲ್ಲಿ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಮುಟ್ಟಿಸಿದ. ಅವನು ಬದುಕಿದ.

ನಿವೃತ್ತನಾಗಿ ಬಂದ ಮೇಲೆ ಹೊಂಬಾಳಯ್ಯ ಬಿಡದಿಯ ಕಾರ್ಖಾನೆಗೆ ಕೆಲಸಗಾರರ ಬಸ್ಸು ಓಡಿಸತೊಡಗಿದ. "ಪುಟ್ಟಿ ಗೆಪ್ತಿ ಇನ್ನೂ ಐತಾ?" ಎಂದು ಹೆಂಡತಿ ಅಂಬುಜಮ್ಮ ಒಮ್ಮೆ ಕೇಳಿದಳು.

"ಐತೆ. ಆದ್ರೂ ಲಾರಿ ಬಂದಿದ್ದೇ ಒಳ್ಳೇದಾಯ್ತು ಕಣಮ್ಮಿ. ಒಸಿ ಮುಂಚೇನೇ ಬಂದಿದ್ರೆ ಮೊದ್ಲಿನವ್ನೂ ಉಳ್ಕತಿದ್ದ," ಎಂದ ಅವನು.