ಮಾಳಿಗೆಯವರಿಗೆ ಹೇಳಿಕೆ

ಕುಂದಾಪುರದಲ್ಲಿ ಒಂದು ಗೇ ಬಾರ್ ಇದೆ ಅಂದರೆ ನೀವು ನಗುತ್ತೀರಿ. ನಗಿ, ಅಡ್ಡಿಲ್ಲ. ಮೊದಲ ಸಲ ಆ ಮಾತು ಕೇಳಿದಾಗ ಬಾಯಲ್ಲಿದ್ದ ಚಟ್ಲಿ ಸುಕ್ಕ ನೆತ್ತಿಗೆ ಹತ್ತುವಷ್ಟು ನಾನೂ ನಕ್ಕಿದ್ದೆ. ಆ ಹೆಸರಿಟ್ಟವನು ನಮ್ಮ ಗುಂಪಿನ ಮುಂಬೈಯವ. ಮುಂಬೈಯ ಹೋಟೆಲುಗಳಲ್ಲಿ ಕ್ಯಾಶಿನಲ್ಲಿ ಕೂತು ಕೂತು ಸೊಂಟ ಹಿಡಿದು, ಇನ್ನು ಸಾಕು ಅಂತ ಊರಿಗೆ ವಾಪಸಾದ ಆಸಾಮಿ. ಒಂದು ಭಾನುವಾರ ಮಧ್ಯಾಹ್ನ ಸುತ್ತ ಒಮ್ಮೆ ಕಣ್ಣಾಡಿಸಿ, "ಹ್ವಾಯ್, ಬೊಂಬಾಯಲ್ಲಿ ಇಂಥದ್ದಕ್ಕೆ ಗೇ ಬಾರ್ ಅಂಬ್ರ್. ಬಣ್ಣ ಬಣ್ಣದ ಲೈಟ್ ಹಾಕ್ತ್ರ್, ಕುಣಿತ್ರ್. ನಮ್ಗ್ ಇಲ್ಲ್ ಇಪ್ಪುದ್ ಬರೀ ಟ್ಯೂಬ್‌ಲೈಟ್, ಉಪ್ಪಿನಕಾಯಿ" ಅಂದ.

ಬೋರ್ಡಿನಲ್ಲಿ ಅಂಥದ್ದೇನೂ ಬರೆದಿಲ್ಲ. ಕೋಡಿಗೆ ಹೋಗುವ ದಾರಿಯಲ್ಲಿ ಸಿಗುವ ಒಂದು ಮಾಮೂಲಿ ಬಾರ್ ಎಂಡ್ ರೆಸ್ಟೋರೆಂಟ್ ಅದು. ಕೆಳಗೆ ಬೋಟಿನವರು, ಲಾರಿಯವರು, ಹೆಂಡತಿ ಹತ್ತಿರ 'ಈಗ ಬತ್ತೆ' ಅಂತ ಹೇಳಿ ಬಂದ ಸಂಸಾರಸ್ಥರು. ಮೇಲೆ ಮಾಳಿಗೆಯಲ್ಲಿ ಒಂದು ಫ್ಯಾಮಿಲಿ ರೂಮು. ಅಲ್ಲಿ ಯಾವ ಫ್ಯಾಮಿಲಿಯೂ ಕೂತದ್ದನ್ನು ನಾನು ಕಂಡಿಲ್ಲ. ನಮ್ಮೂರಿನ ಯಾವ ಹೆಂಗಸು ಬಾರಿನ ಮೆಟ್ಟಿಲು ಹತ್ತಿ ಹೋಗಿ ಗೋಬಿ ಮಂಚೂರಿ ತಿನ್ನುತ್ತಾಳೆ ಹೇಳಿ? ಹಾಗಾಗಿ ಆ ಕೋಣೆ ಖಾಲಿ ಬಿದ್ದಿತ್ತು, ನಾವು ಹೋಗಿ ಕೂತೆವು.

ನಾವು ಅಂದರೆ ಮೊದಲಿಗೆ ನಾನು ಮತ್ತು ಜೀಪಿನವ. ನನ್ನದು ಪೇಟೆಯಲ್ಲಿ ಮೋಟಾರು ವೈಂಡಿಂಗ್ ಅಂಗಡಿ. ಅವನು ಕೊಲ್ಲೂರಿನಲ್ಲಿ ಯಾತ್ರಿಕರನ್ನು ಜೀಪಿನಲ್ಲಿ ಗುಡ್ಡ ಹತ್ತಿಸಿ ಇಳಿಸುವವ. ಬಾವಿಗೆ ಬಿದ್ದ ಪಂಪನ್ನು ರಿಪೇರಿಗೆ ಹೊತ್ತುಕೊಂಡು ಬಂದಿದ್ದ. ಪಂಪು ಸರಿಯಾದ ಮೇಲೂ ಬರುತ್ತಲೇ ಇದ್ದ. ಅಂದಿನಿಂದ ನಾವಿಬ್ಬರೂ ಒಟ್ಟಿಗೆ ಇದ್ದೇವೆ. ಒಟ್ಟಿಗೆ ಅಂದರೆ ಭಾನುವಾರ. ಉಳಿದ ದಿನ ಅವನು ಯಡ್ತರೆಯಲ್ಲಿ ಅವನ ಅಣ್ಣನ ಮನೆಯಲ್ಲಿ, ನಾನು ಇಲ್ಲಿ ನನ್ನ ಅಣ್ಣನ ಮನೆಯಲ್ಲಿ. ಇಬ್ಬರೂ 'ಮದುವೆಯಾಗದೆ ಉಳಿದ ಪಾಪದವರು' ಅನ್ನುವ ಖಾತೆಗೆ ಸೇರಿದವರು. ಆ ಪಾಪದ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ಬಾರು ನಡೆಸುವುದು ನಾವೆಲ್ಲ ಅಕ್ಕ ಅಂತ ಕರೆಯುವ ಹೆಂಗಸು. ಗಂಡ ತೀರಿಕೊಂಡ ಮೇಲೆ ಕೌಂಟರಿನ ಸ್ಟೂಲಿನ ಮೇಲೆ ಬಂದು ಕೂತವಳು ಆಮೇಲೆ ಇಳಿಯಲಿಲ್ಲ. ಒಂದು ಭಾನುವಾರ ಮಾಳಿಗೆಯಲ್ಲಿ ನಾವಿಬ್ಬರೇ ಇದ್ದೆವು. ಅವನು ನನ್ನ ಕೈ ಹಿಡಿದುಕೊಂಡು ಎಂತದೋ ಹೇಳುತ್ತಿದ್ದ. ಆ ಹೊತ್ತಿಗೆ ಸರಿಯಾಗಿ ಅಕ್ಕ ಬಂಗ್ಡೆ ಫ್ರೈ ಹಿಡಿದುಕೊಂಡು ಮೇಲೆ ಬಂದಳು. ಕೈ ಎಳೆದುಕೊಳ್ಳಲಿಕ್ಕೂ ತೋಚಲಿಲ್ಲ. ಅವಳು ಪ್ಲೇಟು ಇಟ್ಟಳು, ಕೈಯನ್ನು ನೋಡಿದಳು, ಮುಖವನ್ನು ನೋಡಿದಳು. "ಬಾಗ್ಲ್ ಹಾಯ್ಕಣಿ ಮಾರಾಯ್ರೆ, ಸೊಳ್ಳಿ ಒಳ್ಗ್ ಬತ್ತ್" ಅಂತ ಹೇಳಿ ಇಳಿದು ಹೋದಳು. ಅಷ್ಟೇ. ಅವತ್ತಿನ ಬಂಗ್ಡೆಯ ರುಚಿ ಇನ್ನೂ ನಾಲಿಗೆಯಲ್ಲಿದೆ.

ಆಮೇಲೆ ಒಬ್ಬೊಬ್ಬರೇ ಸೇರಿಕೊಂಡರು. ಮುಂಬೈಯವ ಬಂದ. ಬ್ರಹ್ಮಾವರದಿಂದ ಒಬ್ಬ ಮಾಷ್ಟ್ರು ಬಂದರು. ಅವರು ಕುಡಿಯುವುದು ಶುಂಠಿ ಸೋಡ, ಮಾತಿನ ಅಮಲು ಮಾತ್ರ ನಮಗಿಂತ ಜಾಸ್ತಿ. ಹೇಗೆ ಗೊತ್ತಾಗಿ ಬರುತ್ತಾರೋ ಬರುತ್ತಾರೆ. ಭಾನುವಾರ ಮಧ್ಯಾಹ್ನ ಹತ್ತು ಹನ್ನೆರಡು ಮಂದಿ ಇರುತ್ತೇವೆ. ಮಾತಾಡುವುದೆಂತ? ಬಿಪಿ ಮಾತ್ರೆ, ಅಣ್ಣತಮ್ಮಂದಿರ ಜಾಗದ ತಕರಾರು, ಅಂಜಲ್ ಮೀನಿನ ರೇಟು. ಗೇ ಬಾರ್ ಅಂದರೆ ಎಂತದೋ ಅಂದುಕೊಂಡು ಬಂದ ಮಂಗಳೂರಿನ ಹುಡುಗನೊಬ್ಬ ಅರ್ಧ ಗಂಟೆಯಲ್ಲಿ ಆಕಳಿಸಿ ಎದ್ದುಹೋದ. ಅವನಿಗೆ ಬೇಸರವಾಗಿರಬಹುದು. ನನಗೆ ಮಾತ್ರ ವಾರದಲ್ಲಿ ಸುಳ್ಳು ಹೇಳದೆ ಕೂರಲು ಸಿಗುವ ಮೂರು ಗಂಟೆ ಅದೊಂದೇ.

ಕೆಳಗಿನವರಿಗೆ ಗೊತ್ತಿಲ್ಲವಾ? ಗೊತ್ತಿದೆ. ಬೀದಿಗೂ ಗೊತ್ತಿದೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, 'ಮಾಳಿಗೆಯವರು' ಅನ್ನುತ್ತಾರೆ. ಅದನ್ನು ಮೊದಮೊದಲು ಬಾಯಿ ಸೊಟ್ಟ ಮಾಡಿಕೊಂಡೇ ಹೇಳುತ್ತಿದ್ದರು. ಅದು ಸರಿಯಾದದ್ದು ಬಡಿಸುವ ಕೆಲಸದಿಂದ.

ಬಾರಿನ ಹಿಂದಿನ ಮನೆಯ ಅಜ್ಜ ತೀರಿಕೊಂಡು, ಉತ್ತರಕ್ರಿಯೆಯ ದಿನ ಬೊಜ್ಜದ ಊಟ. ಬಡಿಸುತ್ತೇವೆ ಅಂದಿದ್ದ ಹುಡುಗರು ಕೈಕೊಟ್ಟರು. ಎಲೆ ಹಾಕಿಯಾಗಿದೆ, ಜನ ಕೂತಾಗಿದೆ, ಸೌಟು ಹಿಡಿಯುವವರಿಲ್ಲ. ಅಕ್ಕ ಮೆಟ್ಟಿಲ ಬುಡದಿಂದ ಒಂದು ಕೂಗು ಹಾಕಿದಳು. "ಹ್ವಾಯ್, ಇನ್ನೂ ಬಾಟ್ಲಿ ಮುಟ್ಲಿಲ್ಲ ಅಲ್ದಾ? ಮುಟ್ಟದಿದ್ದೋರ್ ಎಲ್ಲ ಕೆಳ್ಗ್ ಬನ್ನಿ!" ಪಂಚೆ ಎತ್ತಿ ಕಟ್ಟಿ ಓಡಿದೆವು. ಮುಂಬೈಯವನ ಕೈಗೆ ಪಾಯಸದ ಬಕೆಟು ಸಿಕ್ಕಿತ್ತು. ಚೆನ್ನಾಗಿಯೇ ಬಡಿಸಿಕೊಂಡು ಹೋದವನು ಎರಡನೇ ಸುತ್ತಿನಲ್ಲಿ ಊರಿನ ದೊಡ್ಡ ಭಟ್ಟರ ಎದುರು ಬಗ್ಗಿ, ಭಯಭಕ್ತಿಯಿಂದ, "ರಿಪೀಟಾ?" ಅಂತ ಕೇಳಿಬಿಟ್ಟ. ಭಟ್ಟರು ತಲೆ ಎತ್ತಿ ನೋಡಿ, "ಹಾಕ್, ಲಾರ್ಜೇ ಹಾಕ್" ಅಂದರು. ಸತ್ತವರ ಮನೆ ಅನ್ನುವುದನ್ನೂ ಮರೆತು ಜನ ನಕ್ಕಿತು.

ಅಲ್ಲಿಂದ ಮುಂದೆ ಆ ಬೀದಿಯ ಮದುವೆ, ಗೃಹಪ್ರವೇಶ, ಬೊಜ್ಜ ಎಲ್ಲದಕ್ಕೂ ಬಡಿಸುವವರು ನಾವೇ. ಸುಮ್ಮನೆ ಹೊಗಳಿಕೊಳ್ಳುತ್ತಿಲ್ಲ. ನಮ್ಮ ಹಾಗೆ ಸಾರು ಎಲೆಯಿಂದ ಹೊರಗೆ ಹರಿಯದಂತೆ ಬಡಿಸುವವರನ್ನು ಬೈಂದೂರಿನವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ. ಮಾಷ್ಟ್ರು ಅನ್ನ, ಜೀಪಿನವ ಸಾರು, ನಾನು ಪಲ್ಯ, ಕೋಸಂಬರಿ. 'ಮಾಳಿಗೆಯವರು ಬಂದ್ರಾ? ಹಂಗಾರೆ ಎಲಿ ಹಾಕಿ' ಅನ್ನುವುದು ಆ ಬೀದಿಯ ಮಾಮೂಲಿ ಮಾತಾಯಿತು. ಹಿಂದಿನಿಂದ ಕಿಸಕ್ಕನೆ ನಗುವವರು ಈಗಲೂ ಇದ್ದಾರೆ. ಅಂಥವರ ಎಲೆಗೆ ನಾನು ಉಪ್ಪಿನಕಾಯಿ ಬಡಿಸುವುದನ್ನು ಮರೆಯುತ್ತೇನೆ.

ಹೀಗಿರುವಾಗ ಅಕ್ಕನ ಮಗಳ ಮದುವೆ ಗೊತ್ತಾಯಿತು. ಅವಳಿಗಿದ್ದದ್ದು ಒಬ್ಬಳೇ ಮಗಳು. ಮಾಳಿಗೆಯ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಮಾಷ್ಟ್ರ ಹತ್ತಿರ ಲೆಕ್ಕ ಹೇಳಿಸಿಕೊಂಡ ಹುಡುಗಿ. ಜೀಪಿನವನನ್ನು ಮಾವ ಅಂತ ಕರೆದು, ಡ್ರೈವಿಂಗ್ ಕಲಿಯುತ್ತೇನೆ ಅಂತ ಅವನ ಜೀಪನ್ನು ಚರಂಡಿಗೆ ಇಳಿಸಿದವಳು. ನಮಗೆ ಖುಷಿಯೋ ಖುಷಿ.

ನಮ್ಮ ಕಡೆ ಮದುವೆಗೆ ಮನೆ ಬಾಗಿಲಿಗೆ ಬಂದು ಹೇಳಿಕೆ ಹೇಳಬೇಕು, ಅಂದರೆ ಬಾಯಾರೆ ಕರೆಯಬೇಕು. ಮೊಬೈಲಿಗೆ ಬಂದ ಮದುವೆ ಕಾಗದ ಲೆಕ್ಕಕ್ಕಿಲ್ಲ, ದಾರಿಯಲ್ಲಿ ಸಿಕ್ಕಾಗ ಹೇಳಿದ್ದಂತೂ ಇಲ್ಲವೇ ಇಲ್ಲ. ಹೇಳಿಕೆ ಇಲ್ಲದ ಮನೆಗೆ ಉಣ್ಣಲು ಹೋದವನಿಗೆ ಮರ್ಯಾದೆಯೂ ಇಲ್ಲ. ಅಕ್ಕ ಬಾರಿಗೆ ಮಧ್ಯಾಹ್ನ ಬಾಗಿಲು ಹಾಕಿ, ರಿಕ್ಷಾ ಮಾಡಿಕೊಂಡು ಮನೆ ಮನೆ ತಿರುಗಿದಳು. ನಮ್ಮ ಮನೆಗೂ ಬಂದಳು. ನಾನು ಜಗಲಿಯಲ್ಲಿ ಅತ್ತಿಗೆಯ ಮಿಕ್ಸಿ ಬಿಚ್ಚಿಕೊಂಡು ಕೂತಿದ್ದೆ. ಅವಳು ಸೀದಾ ಒಳಗೆ ಹೋಗಿ ಅಣ್ಣ ಅತ್ತಿಗೆಯ ಕೈಗೆ ಕಾಗದ ಕೊಟ್ಟು, "ಗಂಡ ಹೆಂಡ್ತಿ, ಮಕ್ಳ್ ಎಲ್ಲ ಬರ್ಕ್" ಅಂದಳು. ಹೊರಟು ಹೋಗುವಾಗ ನನ್ನ ಕಡೆ ತಿರುಗಿ, "ನಮ್ ಪಂಪ್ ಎಂತಾ ಆಯ್ತ್ ಮಾರಾಯ?" ಅಂತ ಮಾತ್ರ ಕೇಳಿದಳು.

ನನಗೆ ಹೇಳಿಕೆಯ ಮಾತೇ ಇಲ್ಲ. ಮಿಕ್ಸಿಯ ಸ್ಕ್ರೂ ಎಲ್ಲೋ ಉರುಳಿ ಹೋಯಿತು, ಹುಡುಕಲಿಲ್ಲ.

ಮುಂದಿನ ಭಾನುವಾರ ಮಾಳಿಗೆಯಲ್ಲಿ ವಿಚಾರಿಸಿದರೆ ಯಾರಿಗೂ ಹೇಳಿಕೆ ಬಂದಿರಲಿಲ್ಲ. ಜೀಪಿನವನ ಅಣ್ಣನಿಗೆ ಬಂದಿದೆ, ಅವನಿಗಿಲ್ಲ. ಮುಂಬೈಯವನ ಅಕ್ಕನಿಗೆ ಬಂದಿದೆ, ಅವನಿಗಿಲ್ಲ. "ಗಂಡಿನ ಕಡಿಯೋರ್ ಎಂತಾರೂ ಅಂದಿರ್ಕ್" ಅಂದ ಮುಂಬೈಯವ. "ಅಂಥೋರ್ ಬಪ್ಪುದ್ ಬ್ಯಾಡ ಅಂದಿರ್ಕ್." ಮಾಷ್ಟ್ರು ಶುಂಠಿ ಸೋಡದ ಗ್ಲಾಸನ್ನು ತಿರುಗಿಸುತ್ತಾ ಕೂತರು. ಅಕ್ಕ ಹಾಗೆ ಮಾಡುವವಳಲ್ಲ ಅಂತ ನನ್ನ ಅರ್ಧ ಮನಸ್ಸು ಹೇಳಿತು. ಇನ್ನರ್ಧ ಮನಸ್ಸು, ಎಲ್ಲರೂ ಹಾಗೆ ಮಾಡುವವರೇ, ಇವಳು ಇಷ್ಟು ದಿನ ತಡ ಮಾಡಿದಳು ಅಷ್ಟೇ, ಅಂದಿತು. ಹೌದೆಂದಾದರೆ ಈ ಮಾಳಿಗೆಯನ್ನು ಇವತ್ತಿಗೇ ಬಿಡಬೇಕು. ಬಿಟ್ಟರೆ ನಾವಿಬ್ಬರು ಎಲ್ಲಿ ಕೂರುವುದು? ಅವನ ಅಣ್ಣನ ಜಗಲಿಯಲ್ಲೋ, ನನ್ನ ಅಣ್ಣನ ಜಗಲಿಯಲ್ಲೋ? ಹೆದರಿಕೆಗೆ ನನಗೆ ಯಾವಾಗಲೂ ಸಿಟ್ಟೇ ಮೊದಲು ಬರುವುದು.

ಅಷ್ಟರಲ್ಲಿ ಅಕ್ಕ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಾ ಮೇಲೆ ಬಂದಳು. ಬಂದವಳೇ ಕೆಲಸ ಹಂಚಲು ಸುರು. "ಮಾಷ್ಟ್ರೇ, ಅನ್ನ ನಿಮ್ದೇ. ಸಾರ್ ಜೀಪಿಂದ್. ಪಾಯಸಕ್ಕೆ ಆ ಬೊಂಬಾಯಿ ಗಿರಾಕಿ ಬ್ಯಾಡ, ಗಂಡಿನ ಅಜ್ಜಯ್ಯ ಬತ್ರ್..."

"ಹೇಳ್ಕೆ ಇಲ್ದಿದ್ ಮದಿಗ್ ಸೌಟ್ ಹಿಡುಕೆ ನಾವ್ ಬಪ್ಪುದಿಲ್ಲ ಅಕ್ಕ" ಅಂದುಬಿಟ್ಟೆ.

ಅಕ್ಕ ನನ್ನನ್ನೇ ನೋಡಿದಳು.

"ಎಂತ ಅಂದೆ?"

"ಬೀದಿಗೆಲ್ಲ ಹೇಳಿದ್ರಿ. ನಮ್ಗ್ ಹೇಳುಕೆ ನಾಚ್ಕಿ ಆಯ್ತಾ?"

ಅಕ್ಕ ಎರಡೂ ಕೈಯಿಂದ ಹಣೆ ಬಡಿದುಕೊಂಡಳು. "ಅಯ್ಯೋ ದೇವ್ರೇ! ತಲಿ ಸಮ ಇತ್ತಾ ನಿಮ್ಗ್? ಮನಿಯೋರಿಗ್ ಯಾರಾರೂ ಹೇಳ್ಕೆ ಹೇಳ್ತ್ರಾ? ನನ್ ಸ್ವಂತ ತಮ್ಮನಿಗ್ ನಾ ಹೇಳ್ಕೆ ಹೇಳಿದ್ನಾ? ಹೆಣ್ಣಿನ ಮಾವಂದಿರ್ ನೀವ್, ನಿಮ್ಗ್ ಕಾಗ್ದ ಕೊಟ್ರೆ ಜನ ನನ್ನ ಮುಖಕ್ಕೆ ಉಗಿಯುದಿಲ್ಯಾ?"

ಮೊದಲು ನಕ್ಕವನು ಮುಂಬೈಯವ. ಆಮೇಲೆ ಎಲ್ಲರೂ ನಕ್ಕೆವು. ನನಗೆ ನಗುವುದೋ ಅಳುವುದೋ ಗೊತ್ತಾಗಲಿಲ್ಲ, ಎರಡೂ ಒಟ್ಟಿಗೆ ಬಂತು. ಎದೆಯ ಮೇಲಿಂದ ಗ್ರೈಂಡರಿನ ಕಲ್ಲು ಇಳಿಸಿದ ಹಾಗಾಯಿತು. ಎಂಥ ಪೆದ್ದ ನಾನು ಅಂತ ನಾನೇ ನನಗೆ ಬೈದುಕೊಂಡೆ.

ನಗದೆ ಇದ್ದವನು ಒಬ್ಬನೇ, ಜೀಪಿನವ. ಅವನು ಹತ್ತು ಜನರ ನಡುವೆ ಬಾಯಿ ಬಿಡುವವನೇ ಅಲ್ಲ. ಅವತ್ತು ಕುರ್ಚಿಯಿಂದ ಎದ್ದು ನಿಂತು ಮಾತಾಡಿದ.

"ಅಕ್ಕ, ಮನಿಯೋರ್ ಅಂದದ್ದ್ ನಂಗ್ ಖುಷಿಯೇ. ಆರೆ ನಾ ಎಲ್ಲ್ ಹೋರೂ ಮನಿಯವನೇ. ಅಣ್ಣನ ಮನಿಗ್ ಹೇಳ್ಕೆಗ್ ಬಂದೋರ್ ಅಣ್ಣ ಅತ್ಗಿಗ್ ಹೇಳ್ತ್ರ್, ನಾ ಅದ್ರೊಳ್ಗ್ ಸೇರ್ತೆ. ಇವಂದೂ ಹಂಗೆ. ಇಷ್ಟ್ ವರ್ಷ ಆಯ್ತ್, ನಮ್ಮಿಬ್ರ ಹತ್ರ ಬಂದ್, ನೀವಿಬ್ರೂ ಬರ್ಕ್ ಅಂದೇಳಿ ಒಬ್ರೂ ಹೇಳ್ಲಿಲ್ಲ. ಆ ಮಾತ್ ಒಂದ್ ಸಲ ಕಿವಿಯಾರೆ ಕೇಣ್ಕ್ ಅಂದೇಳಿ ಆಸಿ ಇತ್ತ್."

ಹೇಳಿ ಮುಗಿಸಿ ಕೂತ. ಕಿವಿ ಕೆಂಪಾಗಿತ್ತು. ನನಗೆ ಅವನ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಮೇಜಿನ ಮೇಲಿದ್ದ ಅವನ ಕೈಯನ್ನು ಎಲ್ಲರೆದುರೇ ಹಿಡಿದುಕೊಂಡೆ. ಅಕ್ಕ ತಟ್ಟನೆ ತಿರುಗಿ ಮೆಟ್ಟಿಲಿಳಿದು ಹೋದಳು.

"ಸಿಟ್ಟ್ ಬಂತ್ ಕಾಣ್ತ್" ಅಂದರು ಮಾಷ್ಟ್ರು.

ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಚಪ್ಪಲಿಯ ಶಬ್ದ ಕೇಳಿಸಿತು. ಶಬ್ದ ಬಾಗಿಲ ಹೊರಗೇ ನಿಂತಿತು. ಅಕ್ಕ ಚಪ್ಪಲಿ ಕಳಚಿಟ್ಟಳು. ಅವಳು ಯಾವತ್ತೂ ಆ ಕೋಣೆಯೊಳಗೆ ಚಪ್ಪಲಿ ಹಾಕಿಕೊಂಡೇ ಬರುವವಳು. ತಲೆ ಬಾಚಿಕೊಂಡಿದ್ದಳು. ಕಂಕುಳಲ್ಲಿ ಮದುವೆ ಕಾಗದದ ಚೀಲ.

"ಹ್ವಾಯ್, ಮನಿಯಲ್ಲ್ ಇದ್ರಿಯಾ?"

ಜೀಪಿನವ ಧಡಕ್ಕನೆ ಎದ್ದು, "ಇದ್ದೋ, ಬನ್ನಿ, ಒಳ್ಗ್ ಬನ್ನಿ" ಅಂತ ಕುರ್ಚಿ ಎಳೆದು ಕೊಟ್ಟ. ಅಕ್ಕ ನಮ್ಮ ಮೇಜಿನ ಹತ್ತಿರ ಬಂದಳು. ಎರಡೂ ಕೈಯಲ್ಲಿ ಕಾಗದ ಹಿಡಿದು ನಮ್ಮಿಬ್ಬರ ನಡುವೆ ಚಾಚಿದಳು. ನಾವಿಬ್ಬರೂ ಒಂದೊಂದು ತುದಿ ಹಿಡಿದುಕೊಂಡೆವು.

"ಮಗಳ ಮದಿ. ನೀವಿಬ್ರೂ ಮುಂಚಿನ ದಿನವೇ ಬರ್ಕ್. ನಿತ್ಕಂಡ್ ಚಂದ ಮಾಡಿ ಕೊಡ್ಕ್. ಬರ್ದೇ ಇಪ್ಪುಕಾಗ."

ಎಲ್ಲ ಮನೆಯಲ್ಲೂ ಹೇಳುವ ಅದೇ ಮಾತು, ಅದೇ ರಾಗ. ಹೇಳಿ ಮುಗಿಸಿ ಕುರ್ಚಿಯಲ್ಲಿ ಕೂತು ಕಾದಳು. ಎಂತಕ್ಕೆ ಕಾಯುತ್ತಿದ್ದಾಳೆ ಅಂತ ಒಂದು ಕ್ಷಣ ಹೊಳೆಯಲಿಲ್ಲ. ಹೇಳಿಕೆಗೆ ಬಂದವರ ಬಾಯಾರಿಕೆ ಕೇಳಬೇಕಾದದ್ದು ಮನೆಯ ಯಜಮಾನ. ನಮ್ಮಲ್ಲಿ ಅದನ್ನು ಕೇಳುವುದು ಅಣ್ಣ. ಈ ವಯಸ್ಸಿನವರೆಗೆ ಆ ಮಾತು ಆಡುವ ಸಂದರ್ಭ ನನಗೆ ಬಂದೇ ಇರಲಿಲ್ಲ. ಹೇಗೋ ಕೇಳಿದೆ.

"ಆಸ್ರಿಗ್ ಎಂತ ಕೊಡ್ಕ್ ಅಕ್ಕ?"

"ಬರೀ ನೀರ್ ಸಾಕ್" ಅಂದಳು ಅಕ್ಕ. ಮುಂಬೈಯವ ಪಕ್ಕದ ಮೇಜಿನಲ್ಲಿ ಗಡಿಬಿಡಿಯಿಂದ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಅವನ ಕಡೆ, ಆಚೆಯ ಮೇಜುಗಳ ಕಡೆ ಒಮ್ಮೆ ನೋಡಿ, ಚೀಲ ಸರಿಮಾಡಿಕೊಂಡು ಅಂದಳು: "ಇನ್ನೂ ಸುಮಾರ್ ಮನಿ ಇತ್ತ್."